ರೋಗಿಯ ಪಕ್ಕದಲ್ಲಿ ನಡೆಯಬೇಕಾದ ಪಾಠ

ಸೀತಾ, ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆಯ ದಂಡೆಯಲ್ಲಿದೆ ನಮ್ಮ ಹಂಗಾರಕಟ್ಟೆ. ಇಲ್ಲಿನ ಗಾಳಿಯಲ್ಲೇ ಉಪ್ಪಿದೆ. ದೋಣಿಯ ಮೊಳೆ, ಸೈಕಲ್ಲಿನ ಚೈನು, ಸ್ವಿಚ್ಚಿನ ಸ್ಕ್ರೂ ಯಾವುದನ್ನೂ ಅದು ಬಿಡುವುದಿಲ್ಲ. ಇಸಿಜಿ ಯಂತ್ರದ ವೈರಿನ ತುದಿಗೂ ಎರಡು ಮಳೆಗಾಲ ಕಳೆಯುವುದರೊಳಗೆ ಹಸಿರು ಕಿಲುಬು ಹಿಡಿಯುತ್ತದೆ. ನಾನು ಬಯೋಮೆಡಿಕಲ್ ಎಂಜಿನಿಯರಿಂಗ್ ಪಾಠ ಮಾಡುವವನು. ನಾನು ಓದಿದ ಪಠ್ಯಪುಸ್ತಕಗಳಲ್ಲಿ ಈ ಕಿಲುಬಿನ ಮಾತು ಎಲ್ಲೂ ಸಿಗಲಿಲ್ಲ. ಈ ವಿಷಯದ ಪಾಠ ಬೆಳೆದು ಬಂದ ದಾರಿಯನ್ನು ನೋಡುವಾಗ ನನಗೆ ಮತ್ತೆ ಮತ್ತೆ ಎದುರಾಗುವುದು ಇದೇ ಕೊರತೆ.

ಇಸಿಜಿಯ ಆರಂಭವೂ ಉಪ್ಪುನೀರಿನಿಂದಲೇ ಆಯಿತು. ಹಾಲೆಂಡಿನ ಲೈಡನ್‌ನಲ್ಲಿ ವಿಲ್ಲೆಮ್ ಐಂಥೋವನ್ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಹೃದಯದ ವಿದ್ಯುತ್ತನ್ನು ದಾಖಲಿಸಿದಾಗ, ರೋಗಿ ಎರಡು ಕೈಗಳನ್ನೂ ಎಡಗಾಲನ್ನೂ ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ. ಅದನ್ನು ಆಸ್ಪತ್ರೆಗೆ ಸಾಗಿಸುವ ಹಾಗಿರಲಿಲ್ಲ. ಆದ್ದರಿಂದ ಅವರು ಆಸ್ಪತ್ರೆಯಿಂದ ಒಂದೂವರೆ ಕಿಲೋಮೀಟರ್ ದೂರದ ತಮ್ಮ ಪ್ರಯೋಗಾಲಯಕ್ಕೆ ಟೆಲಿಫೋನ್ ತಂತಿಯಲ್ಲಿ ರೋಗಿಯ ಎದೆಬಡಿತವನ್ನೇ ತರಿಸಿಕೊಂಡರು. 1924ರಲ್ಲಿ ಅವರಿಗೆ ನೊಬೆಲ್ ಬಂತು. ಯಂತ್ರ ರೋಗಿಯ ಹತ್ತಿರ ಹೋಗಲಾರದಿದ್ದರೆ ರೋಗಿಯ ಎದೆಬಡಿತವಾದರೂ ಯಂತ್ರವನ್ನು ತಲುಪಬೇಕು ಎಂದು ಅವರು ಅಂದೇ ಕಂಡುಕೊಂಡಿದ್ದರು.

ನಮ್ಮ ದೇಶದಲ್ಲಿ ವೈದ್ಯರನ್ನೂ ಎಂಜಿನಿಯರುಗಳನ್ನೂ ಒಂದೇ ಮೇಜಿಗೆ ತರುವ ಕೆಲಸ ಗಟ್ಟಿಯಾಗಿ ಶುರುವಾದದ್ದು 1970ರ ದಶಕದಲ್ಲಿ. ದೆಹಲಿಯ ಐಐಟಿ ಮತ್ತು ಏಮ್ಸ್ 1971ರಲ್ಲಿ ಜಂಟಿ ಕೇಂದ್ರ ತೆರೆದವು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹೃದಯ ಶಸ್ತ್ರಚಿಕಿತ್ಸಕ ಎಂ. ಎಸ್. ವಲಿಯತ್ತಾನ್ ಆಸ್ಪತ್ರೆಗೂ ಕಾರ್ಯಾಗಾರಕ್ಕೂ ಒಂದೇ ಸೂರು ಕಟ್ಟಿದರು. ಸಂಧಿವಾತ ಜ್ವರದಿಂದ ಹೃದಯದ ಕವಾಟ ಕೆಟ್ಟ ಎಳೆಯರು ಅವರ ಬಳಿಗೆ ಬರುತ್ತಿದ್ದರು. ವಿದೇಶಿ ಕವಾಟದ ಬೆಲೆ ಆ ರೋಗಿಗಳ ಕೈಗೆ ಎಟುಕುವಂಥದಲ್ಲ. ಹಾಗಾಗಿ ಕವಾಟವನ್ನು ಇಲ್ಲೇ ಮಾಡಲು ಹೊರಟರು. ಕವಾಟದ ಬಿಲ್ಲೆ ವರ್ಷಕ್ಕೆ ಸುಮಾರು 4 ಕೋಟಿ ಸಲ ತೆರೆದು ಮುಚ್ಚಬೇಕು. ಅಷ್ಟು ಸವೆತ ತಾಳುವ ವಸ್ತು ಯಾವುದು? ಮೊದಲ ಮೂರು ಮಾದರಿಗಳು ಸೋತವು, ಅವುಗಳಲ್ಲಿ ನೀಲಮಣಿಯ ಬಿಲ್ಲೆಯನ್ನೂ ಹಾಕಿ ನೋಡಿದ್ದರು. ಕೊನೆಗೆ ಗೆದ್ದದ್ದು ಕೋಬಾಲ್ಟ್-ಕ್ರೋಮಿಯಂ ಮಿಶ್ರಲೋಹದ ಚೌಕಟ್ಟು, ವಿಶೇಷ ಪಾಲಿಎಥಿಲೀನ್‌ನ ಬಿಲ್ಲೆ, ಹೊಲಿಗೆಗೆ ಪಾಲಿಯೆಸ್ಟರ್ ಬಟ್ಟೆಯ ಉಂಗುರ. 1990ರ ಡಿಸೆಂಬರಿನಲ್ಲಿ ಅದು ಮೊದಲ ಸಲ ರೋಗಿಯ ಎದೆ ಸೇರಿತು. ಆಮೇಲೆ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಅಳವಡಿಸಿದ್ದಾರೆ. ನಾನು ಪ್ರತಿ ವರ್ಷ ತರಗತಿಯಲ್ಲಿ ಗೆದ್ದ ಮಾದರಿಗಿಂತ ಸೋತ ಮೂರರ ಬಗ್ಗೆಯೇ ಹೆಚ್ಚು ಹೊತ್ತು ಮಾತಾಡುತ್ತೇನೆ. ಎಂಜಿನಿಯರಿಂಗ್ ಕಲಿಯುವುದು ಅಲ್ಲಿ.

ಇದೇ ವಲಿಯತ್ತಾನ್ 1993ರಲ್ಲಿ ನಮ್ಮ ಜಿಲ್ಲೆಗೆ ಬಂದರು, ಮಣಿಪಾಲದ ಡೀಮ್ಡ್ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾಗಿ. ಮಣಿಪಾಲದ ಅನುಕೂಲ ಅದರ ನೆಲದಲ್ಲೇ ಇತ್ತು. ಟಿ. ಎಂ. ಎ. ಪೈಯವರು 1953ರಲ್ಲಿ ಮೆಡಿಕಲ್ ಕಾಲೇಜು ಕಟ್ಟಿದ ಗುಡ್ಡದ ಮೇಲೆಯೇ 1957ರಲ್ಲಿ ಎಂಜಿನಿಯರಿಂಗ್ ಕಾಲೇಜೂ ಎದ್ದಿತ್ತು. ವಾರ್ಡಿನಿಂದ ಲ್ಯಾಬಿಗೆ ನಡೆದೇ ಹೋಗಬಹುದು. ಬಯೋಮೆಡಿಕಲ್ ವಿಭಾಗಕ್ಕೆ ಇದಕ್ಕಿಂತ ದೊಡ್ಡ ಸೊತ್ತು ಬೇರೆ ಇಲ್ಲ. ವಲಿಯತ್ತಾನ್ ಆಮೇಲೂ ಮಣಿಪಾಲದಲ್ಲೇ ಉಳಿದು ಚರಕ, ಸುಶ್ರುತರ ಬಗ್ಗೆ ಬರೆದರು. 2024ರ ಜುಲೈಯಲ್ಲಿ ಅಲ್ಲೇ ತೀರಿಕೊಂಡರು.

ಪಕ್ಕದಲ್ಲೇ ಆಸ್ಪತ್ರೆಯಿರುವ ಭಾಗ್ಯ ಎಲ್ಲ ಕಾಲೇಜುಗಳಿಗೂ ಇರಲಿಲ್ಲ. ಬೆಂಗಳೂರಿನ ಹಲವು ಕಾಲೇಜುಗಳಲ್ಲಿ ಈ ವಿಷಯ ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಹೆಸರಿನಲ್ಲಿ ನಡೆಯಿತು. ಹೆಸರೇ ಹೇಳುವಂತೆ ಅದು ಎಲೆಕ್ಟ್ರಾನಿಕ್ಸ್‌ನ ಮಗು. ಆರ್. ಎಸ್. ಖಂಡ್ಪುರ್ ಅವರ ದಪ್ಪ ಕೈಪಿಡಿ ಎಲ್ಲರ ಮೇಜಿನ ಮೇಲಿತ್ತು. ಆಂಪ್ಲಿಫೈಯರ್, ಟ್ರಾನ್ಸ್‌ಡ್ಯೂಸರ್, ಬ್ಲಾಕ್ ಡಯಾಗ್ರಾಮು. ಯಂತ್ರದ ಚಿತ್ರ ಬಿಡಿಸಿ ಅಂಕ ಪಡೆದ ಎಷ್ಟೋ ಜನ ಆ ಯಂತ್ರವನ್ನು ಮುಟ್ಟದೆಯೇ ಪದವಿ ಮುಗಿಸಿದರು.

ಕಂಪ್ಯೂಟರ್ ಅಗ್ಗವಾದಾಗ ಪಾಠ ಯಂತ್ರದಿಂದ ಸಿಗ್ನಲ್ ಕಡೆಗೆ ಹೊರಳಿತು. ಬಾಸ್ಟನ್ನಿನಲ್ಲಿ 1980ರಲ್ಲಿ ಸಿದ್ಧವಾದ ಇಸಿಜಿ ಭಂಡಾರದಲ್ಲಿ ಅರ್ಧರ್ಧ ಗಂಟೆಯ 48 ದಾಖಲೆಗಳಿವೆ. ಇಂಟರ್ನೆಟ್ ಬಂದ ಮೇಲೆ ಅದು ಜಗತ್ತಿನ ಎಲ್ಲ ವಿದ್ಯಾರ್ಥಿಗಳ ಪಾಲಿಗೆ ಬಂತು. ಎದೆಬಡಿತವನ್ನು ಎಣಿಸುವ ಪ್ಯಾನ್-ಟಾಂಪ್ಕಿನ್ಸ್ ವಿಧಾನ 1985ರದು, ಇಂದಿಗೂ ನಮ್ಮ ಲ್ಯಾಬಿನ ಮೊದಲ ಪ್ರಯೋಗಗಳಲ್ಲೊಂದು. ಇದರಿಂದ ದೊಡ್ಡ ಉಪಕಾರವಾಯಿತು. ಆದರೆ ಆ ದಾಖಲೆಗಳಲ್ಲಿ ಬೆರೆತಿರುವ ವಿದ್ಯುತ್ ಗದ್ದಲ ಅಮೆರಿಕದ್ದು, 60 ಹರ್ಟ್ಸ್. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್.

ಒಂದು ಬೇಸಿಗೆಯಲ್ಲಿ ನಾಲ್ಕು ವಿದ್ಯಾರ್ಥಿಗಳನ್ನು ಕರೆದುಕೊಂಡು ಇಲ್ಲಿನ ಒಂದು ಚಿಕ್ಕ ಆಸ್ಪತ್ರೆಗೆ ಹೋಗಿದ್ದೆ. ಇಸಿಜಿ ಕಾಗದದ ಮೇಲೆ ಗೆರೆಯ ಬದಲು ಗರಗಸದ ಹಲ್ಲು ಬರುತ್ತಿತ್ತು. ಹುಡುಗರು ಕೂಡಲೇ ಲ್ಯಾಪ್‌ಟಾಪ್ ತೆಗೆದು ವಿದ್ಯುತ್ ಗದ್ದಲ ಕಳೆಯುವ ಫಿಲ್ಟರ್ ಬರೆಯಲು ಕೂತರು. ಮೊದಲ ಸಲ ಅದು 60ಕ್ಕೇ ಇತ್ತು. ತಿದ್ದಿ 50 ಮಾಡಿದರು. ಅಷ್ಟರಲ್ಲಿ ಹಿರಿಯ ನರ್ಸಮ್ಮ ಒಂದು ಕೊಡಪಾನ ನೀರು ಹಿಡಿದು ಕಟ್ಟಡದ ಹಿಂದಕ್ಕೆ ಹೋಗಿ ಅರ್ಥಿಂಗ್ ಗುಂಡಿಗೆ ಸುರಿದು ಬಂದರು. "ಬೇಸ್ಗಿಯಗೆ ಗುಂಡಿಗ್ ನೀರ್ ಹಾಕ್ದೇ ಇದ್ರೆ ಇದ್ ಹೀಂಗೇ ಆತ್ತ್, ಸರ್" ಎಂದರು. ಆಮೇಲೆ ರೋಗಿಯ ಕೈಗೆ ಹಾಕಿದ ಕ್ಲಿಪ್ಪಿನ ಕಿಲುಬನ್ನು ಉಜ್ಜಿ ತೆಗೆದು, ಜೆಲ್ ಹಚ್ಚಿ ಮತ್ತೆ ಹಾಕಿದರು. ಗೆರೆ ಸ್ವಚ್ಛವಾಯಿತು. ನಮ್ಮ ಕೆಂಪುಕಲ್ಲಿನ ನೆಲ ಒಣಗಿದಾಗ ವಿದ್ಯುತ್ತಿಗೆ ದಾರಿ ಕೊಡುವುದಿಲ್ಲ ಎಂಬುದು ಹುಡುಗರಿಗೆ ಸೂತ್ರದಲ್ಲಿ ಗೊತ್ತಿತ್ತು, ನರ್ಸಮ್ಮನಿಗೆ ಕೆಲಸದಲ್ಲಿ ಗೊತ್ತಿತ್ತು. ಫಿಲ್ಟರ್ ಗದ್ದಲವನ್ನು ಕಳೆಯುವಾಗ ಅಲೆಯ ಆಕಾರವನ್ನೂ ತುಸು ಕೆಡಿಸಬಲ್ಲದು. ನೀರು ಹಾಗೆ ಮಾಡುವುದಿಲ್ಲ.

ಸ್ಥಳಕ್ಕೆ ತಕ್ಕ ಯಂತ್ರ ಬೇಕು ಎಂಬ ಪಾಠವನ್ನು ಉದ್ಯಮ ಕಾಲೇಜುಗಳಿಗಿಂತ ಬೇಗ ಕಲಿಯಿತು ಎನ್ನಬೇಕು. ಜಿಇ ಕಂಪನಿಯ ಬೆಂಗಳೂರು ತಂಡ ರೂಪಿಸಿದ ಮ್ಯಾಕ್ 400 ಇಸಿಜಿ ಯಂತ್ರ ಬ್ಯಾಟರಿಯಲ್ಲಿ ನಡೆಯುತ್ತದೆ. ಅದರ ಪ್ರಿಂಟರು ಬಸ್ ಟಿಕೆಟ್ ಕೊಡುವ ಯಂತ್ರದ ಜಾತಿಯದು. ಬೆಂಗಳೂರಿನದೇ ಫೋರಸ್ ಹೆಲ್ತ್ ಕಣ್ಣಿನ ಪರೀಕ್ಷೆಗೆ ತ್ರಿನೇತ್ರ ಎಂಬ ಉಪಕರಣ ತಂದಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2015ರಲ್ಲಿ ಜೈವಿಕ ವ್ಯವಸ್ಥೆಗಳ ಎಂಜಿನಿಯರಿಂಗ್‌ಗೆ ಪ್ರತ್ಯೇಕ ಕೇಂದ್ರ ಶುರುವಾಯಿತು. ಸರ್ಕಾರವೂ 2017ರಲ್ಲಿ ವೈದ್ಯಕೀಯ ಉಪಕರಣಗಳಿಗೆ ನಿಯಮ ಮಾಡಿತು. 2020ರ ಏಪ್ರಿಲ್‌ನಿಂದ ಎಲ್ಲ ವೈದ್ಯಕೀಯ ಉಪಕರಣಗಳೂ ಔಷಧ ಕಾಯ್ದೆಯಡಿ ಬಂದವು. ಹೀಗಾಗಿ ಕಾನೂನೂ ನಮ್ಮ ಪಠ್ಯಕ್ಕೆ ಸೇರಿತು.

ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಪಲ್ಸ್ ಆಕ್ಸಿಮೀಟರ್ ಇನ್ನೊಂದು ಪ್ರಶ್ನೆ ಎತ್ತಿತು. ಜಪಾನಿನ ತಾಕುವೊ ಆವೊಯಾಗಿ 1974ರಲ್ಲಿ ಕೊಟ್ಟ ಈ ಉಪಾಯ ಬೆರಳಿನ ಮೂಲಕ ಹಾಯುವ ಬೆಳಕನ್ನು ನಂಬಿದೆ. ಕಪ್ಪು ಚರ್ಮದ ರೋಗಿಗಳಲ್ಲಿ ಅದು ಆಮ್ಲಜನಕದ ಕೊರತೆಯನ್ನು ಹೆಚ್ಚು ಸಲ ಗುರುತಿಸದೆ ಬಿಡುತ್ತದೆ ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಬಿಸಿಲಲ್ಲಿ ಬಲೆ ಎಳೆದು ಕಪ್ಪಾದ ನಮ್ಮೂರ ಬೆರಳುಗಳ ಮೇಲೆ ಅದು ಎಷ್ಟು ನಿಜ ಹೇಳುತ್ತದೆ ಎಂದು ಅಳೆಯುವುದು ನಮ್ಮ ವಿದ್ಯಾರ್ಥಿಗಳ ಕೆಲಸ.

ಐಂಥೋವನ್ನರ ಟೆಲಿಫೋನ್ ತಂತಿ ಕರಾವಳಿಗೂ ಬಂದಿದೆ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಹಳ್ಳಿಯ ಆಸ್ಪತ್ರೆಗಳಿಗೆ ಇಸಿಜಿ ಯಂತ್ರ ಹಂಚಿ, ವಾಟ್ಸ್ಆ್ಯಪ್‌ನಲ್ಲಿ ಬಂದ ಗೆರೆಗಳನ್ನು ನೋಡಿ ಕೂಡಲೇ ಸಲಹೆ ಕೊಡುವ ವ್ಯವಸ್ಥೆ ಕಟ್ಟಿದರು. ಗೆರೆ ಸ್ವಚ್ಛವಾಗಿ ಬಂದರೆ ಮಾತ್ರ ಆ ಸಲಹೆಗೆ ಬೆಲೆ. ಯಂತ್ರ ಕೊಟ್ಟರೆ ಸಾಲದು, ಅದನ್ನು ನಡೆಯುವ ಸ್ಥಿತಿಯಲ್ಲಿ ಇಡುವವರೂ ಬೇಕು. ಬಡ ದೇಶಗಳ ಆಸ್ಪತ್ರೆಗಳಲ್ಲಿ ಸುಮಾರು ಶೇಕಡಾ 40ರಷ್ಟು ಉಪಕರಣಗಳು ಕೆಟ್ಟು ಕೂತಿವೆ ಎಂದು 2011ರ ಒಂದು ಅಧ್ಯಯನ ಲೆಕ್ಕ ಹಾಕಿತ್ತು.

ಈಗ ಪಠ್ಯದಲ್ಲಿ ಕೃತಕ ಬುದ್ಧಿಮತ್ತೆಗೆ ಹೆಚ್ಚು ಗಂಟೆಗಳು ಸಿಗುತ್ತಿವೆ. ಬೇಡ ಎನ್ನಲಾರೆ. ಆದರೆ ಕುಂದಾಪುರದ ತಾಲ್ಲೂಕು ಆಸ್ಪತ್ರೆಯೋ, ಬ್ರಹ್ಮಾವರದ ಸಮುದಾಯ ಆರೋಗ್ಯ ಕೇಂದ್ರವೋ, ಬೈಂದೂರಿನದೋ, ಒಂದು ಸೆಮಿಸ್ಟರ್ ಪೂರ್ತಿ ವಿದ್ಯಾರ್ಥಿ ಅಲ್ಲಿರಬೇಕು. ಅಲ್ಲಿನ ಮಾತಿನಲ್ಲಿ ರೋಗಿಯನ್ನು ಮಾತಾಡಿಸಬೇಕು, ನರ್ಸಮ್ಮನ ಕೈಕೆಳಗೆ ಕಿಲುಬು ಉಜ್ಜಬೇಕು. ಅದಕ್ಕೆ ಅಂಕವೂ ಇರಬೇಕು. ಮಗನನ್ನೋ ಮಗಳನ್ನೋ ಈ ಕೋರ್ಸಿಗೆ ಸೇರಿಸಲು ಹೊರಟ ತಂದೆತಾಯಂದಿರು ಕಾಲೇಜಿನವರನ್ನು ಪ್ಲೇಸ್‌ಮೆಂಟ್ ಎಷ್ಟು ಎಂದು ಕೇಳುವಾಗಲೇ, ನಮ್ಮ ಮಕ್ಕಳು ಎಷ್ಟು ದಿನ ಆಸ್ಪತ್ರೆಯಲ್ಲಿರುತ್ತಾರೆ ಎಂದೂ ಕೇಳಿ.