ಜಂಜೀರಾ ಕೋಟೆ ನೋಡೋಕೆ ಹೋಗೋರಿಗೆ



ರಜೆ ಬಂತು ಅಂದ್ರೆ ನಮ್ಮ ಹುಡುಗರೂ ಈಗ ಕೊಂಕಣದ ಕಡೆ ಟ್ರಿಪ್ ಹೊರಡ್ತಾರೆ. ರಾಯಗಡ ಜಿಲ್ಲೆಯ ಮುರುಡ್ ಹತ್ರ ರಾಜಪುರಿಯಲ್ಲಿ ಹಾಯಿದೋಣಿ ಹತ್ತಿ, ನಡುನೀರಲ್ಲಿ ನಿಂತಿರೋ ಜಂಜೀರಾ ಕೋಟೆ ಸುತ್ತಿ, ರೀಲ್ಸ್ ಹಾಕಿ ಬರ್ತಾರೆ. ಹೋಗ್ಲಿ, ಹೋಗಲೇಬೇಕು. ಆದ್ರೆ ಅಲ್ಲಿ ಸಾಮಾನ್ಯವಾಗಿ ಕಿವಿಗೆ ಬೀಳೋದು ಒಂದೇ ಕತೆ: ಇದು ಅಜೇಯ ಕೋಟೆ, ಶಿವಾಜಿಗೂ ಸಿಗಲಿಲ್ಲ, ಸಂಭಾಜಿಗೂ ಸಿಗಲಿಲ್ಲ. ವಾಟ್ಸಾಪ್ ಪಂಡಿತರ ಕೈಗೆ ಸಿಕ್ಕರೆ ಅದೇ ಕತೆ ಹಿಂದೂ-ಮುಸ್ಲಿಂ ಜಗಳ ಆಗಿಬಿಡುತ್ತೆ.

ಆ ಬಂಡೆ ಮೇಲೆ ಮೊದಲು ಕೋಟೆ ಕಟ್ಟಿದ್ದು ಯಾವ ರಾಜನೂ ಅಲ್ಲ. ಮೀನು ಹಿಡಿದು ಬದುಕ್ತಿದ್ದ ಕೋಲಿಗಳು. ಕಡಲ್ಗಳ್ಳರ ಕಾಟ ತಾಳಲಾರದೆ, ಅವರ ಮುಖಂಡ ರಾಮ್ ಪಾಟೀಲ್ 15ನೇ ಶತಮಾನದ ಕೊನೆಯ ಹೊತ್ತಿಗೆ ಮರದ ದಿಮ್ಮಿಗಳಲ್ಲಿ ಕೋಟೆ ಎಬ್ಬಿಸಿದ. ಅಹಮದ್‌ನಗರ ನಿಜಾಮಶಾಹಿಯ ಪಿರಮ್ ಖಾನ್ ವ್ಯಾಪಾರಿ ವೇಷದಲ್ಲಿ ಒಳಗೆ ಬಂದು, ಹೆಂಡ ಕುಡಿಸಿ ಅದನ್ನ ಕಿತ್ಕೊಂಡ ಅನ್ನೋ ಕತೆ ಇದೆ. ಅಂದ್ರೆ ಕೋಟೆ ಒಂದ್ಸಲ ಸೋತಿತ್ತು. ಸೋತವರು ಕೋಲಿಗಳು ನೋಡಿ, ಅದು ಲೆಕ್ಕಕ್ಕೇ ಬರಲ್ಲ!

ಆಮೇಲೆ ಬಂದವರು ಸಿದ್ದಿಗಳು, ಆಫ್ರಿಕಾ ಮೂಲದವರು. ದಖನ್ನಿನ ಸುಲ್ತಾನರ ಹತ್ರ ಗುಲಾಮರಾಗಿ ಬಂದ ಹಬ್ಶಿಗಳು ಸೇನಾಧಿಪತಿಗಳೇ ಆದ ಕಾಲ ಅದು. ಇಥಿಯೋಪಿಯಾದಲ್ಲಿ ಹುಟ್ಟಿ, ಮಾರಾಟಕ್ಕೆ ಒಳಗಾದ ಮಲಿಕ್ ಅಂಬರ್ ಅಹಮದ್‌ನಗರವನ್ನೇ ನಡೆಸಿದ. ಜಂಜೀರಾದ ಸಿದ್ದಿಗಳ ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರೋವರೆಗೂ ಉಳೀತು. ಇನ್ನು ನಮ್ಮ ಯಲ್ಲಾಪುರ, ಹಳಿಯಾಳದ ಸಿದ್ದಿಗಳು? ಅವರ ಹಿರಿಯರಲ್ಲಿ ಬಹುಪಾಲು ಜನರನ್ನ ಗುಲಾಮರಾಗಿ ತಂದದ್ದು ಗೋವಾದ ಪೋರ್ಚುಗೀಸರು. ಅದೇ ಕಡಲು, ಅದೇ ಗುಲಾಮ ವ್ಯಾಪಾರ. ಅಲ್ಲಿ ನವಾಬ, ಇಲ್ಲಿ ಕಾಡಂಚಲ್ಲಿ ಇನ್ನೊಬ್ಬರ ತೋಟದ ಕೂಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿ ಸೇರೋಕೆ 2003 ಬರಬೇಕಾಯ್ತು.

ಕೋಟೆಯೊಳಗೆ ಎರಡು ಸಿಹಿನೀರಿನ ಕೆರೆ ಇವೆ. ಸುತ್ತ ಉಪ್ಪುನೀರು, ನಡುವೆ ಸಿಹಿನೀರು. ಎಲ್ಲರೂ ಬಾಯಿಬಿಟ್ಕೊಂಡು ನೋಡ್ತಾರೆ. ನಂಗೆ ಮಾತ್ರ ಅದೇ ಜಿಲ್ಲೆಯ ಮಹಾಡ್‌ನ ಚವದಾರ್ ಕೆರೆ ನೆನಪಾಗುತ್ತೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ನೀರು ಮುಟ್ಟಿದ ಕೆರೆ. ಕುಡಿದವರಿಗೆ ಸವರ್ಣೀಯರು ಹೊಡೆದರು, ಆಮೇಲೆ ಕೆರೆಗೆ ಸಗಣಿ-ಗಂಜಲ ಸುರಿದು 'ಶುದ್ಧಿ' ಮಾಡ್ಕೊಂಡರು. ಸಗಣಿ ಬಿದ್ದರೆ ಶುದ್ಧ, ನಮ್ಮ ಬೊಗಸೆ ಬಿದ್ದರೆ ಮೈಲಿಗೆ.

ಡಿಸೆಂಬರ್‌ನಲ್ಲಿ ಎರಡನೇ ಸತ್ಯಾಗ್ರಹಕ್ಕೆ ಬಾಬಾಸಾಹೇಬರು ಬಂದದ್ದು ಹಡಗಲ್ಲಿ. ಧರಮ್ತರ್ ದಾರಿ ಹಿಡಿದಿದ್ರೆ ಬಸ್ಸಿನ ಮಾಲೀಕರು ಹತ್ತಿಸಿಕೊಳ್ಳದೆ ಕೈಕೊಡಬಹುದಿತ್ತು. ಅದಕ್ಕೇ 24ರಂದು ಮುಂಬೈಯಲ್ಲಿ ಸಂಗಾತಿಗಳ ಜೊತೆ 'ಪದ್ಮಾವತಿ' ಹಡಗು ಹತ್ತಿ ಹರಿಹರೇಶ್ವರಕ್ಕೆ, ಅಲ್ಲಿಂದ ಸಾವಿತ್ರಿ ನದಿಯಲ್ಲಿ ದಾಸಗಾಂವ್‌ಗೆ, ಅಲ್ಲಿಂದ ಐದು ಮೈಲಿ ನಡೆದು ಮಹಾಡ್‌ಗೆ. ಮುಂಬೈಯಿಂದ ಹರಿಹರೇಶ್ವರಕ್ಕೆ ಕಡಲ ದಾರಿಯಲ್ಲಿ ಹೋಗೋರು ಜಂಜೀರಾ ದಾಟಿಯೇ ಹೋಗಬೇಕು. ಇವತ್ತು ಸೆಲ್ಫಿ ತೆಗೆಯೋರ ದೋಣಿ ತೇಲೋ ನೀರಿನ ಆಚೆಗೇ ಆ ಹಡಗು ಹಾದುಹೋಗಿದೆ. ಸಭೆಗೆ ಜಾಗ ಕೊಡೋಕೆ ಹಿಂದೂಗಳು ಯಾರೂ ಒಪ್ಪದಿದ್ದಾಗ, ಕೊಟ್ಟವರು ಫತ್ತೇಖಾನ್ ಅನ್ನೋ ಮುಸಲ್ಮಾನರು. ಕೋರ್ಟಿನ ತಡೆಯಾಜ್ಞೆ ಇದ್ದದ್ದರಿಂದ ಆ ಸಲ ಕೆರೆಗೆ ಇಳಿಯಲಿಲ್ಲ. 25ರ ರಾತ್ರಿ ಮನುಸ್ಮೃತಿ ಸುಟ್ಟರು. ಕೆರೆಯ ಕೇಸು ಹೈಕೋರ್ಟಲ್ಲಿ ಗೆದ್ದದ್ದು 1937ರಲ್ಲಿ.

ಜಂಜೀರಾ ಪ್ಲಾನ್ ಮಾಡೋರು ಒಂದು ದಿನ ಜಾಸ್ತಿ ಇಟ್ಕೊಳ್ಳಿ. ಮಳೆಗಾಲದಲ್ಲಿ ದೋಣಿ ಬಿಡಲ್ಲ, ಡಿಸೆಂಬರ್ ಒಳ್ಳೇದು. ಕೋಟೆ ನೋಡಿ ಮಹಾಡ್‌ಗೆ ಹೋಗಿ, ಸಾಧ್ಯ ಆದ್ರೆ ದಾಸಗಾಂವ್‌ನಿಂದ ನಡ್ಕೊಂಡೇ ಹೋಗಿ.