ಒದ್ದೆಯುಡುಪಿನ ಕಥೆ

ವೆಟ್‌ಸೂಟ್ ಎಂಬ ಮಾತನ್ನು ಕನ್ನಡಿಸಲು ಹೊರಟರೆ ‘ಒದ್ದೆಯುಡುಪು’ ಎನ್ನಬೇಕಾಗುತ್ತದೆ. ಒದ್ದೆ ಬಟ್ಟೆಯಲ್ಲಿ ನಿಂತ ಮಗುವನ್ನು ಕಂಡೊಡನೆ ‘ಶೀತವಾದೀತು, ಬದಲಾಯಿಸು’ ಎಂದು ಗದರಿಸುವ ನಮಗೆ, ಚಳಿಯಿಂದ ಕಾಪಾಡುವ ಉಡುಪಿಗೆ ಒದ್ದೆಯೆಂದೇ ಹೆಸರಿಟ್ಟಿರುವುದು ವಿಚಿತ್ರವಾಗಿ ಕಾಣುವುದು ಸಹಜ. ಹೆಸರಿಟ್ಟವರೇನೂ ತಮಾಷೆಗೆ ಇಟ್ಟುದಲ್ಲ. ಸಮುದ್ರದಲ್ಲಿ ಮುಳುಗುವವರು ಮೈಗೆ ಅಂಟಿದಂತೆ ತೊಡುವ ಆ ಕಪ್ಪು ರಬ್ಬರಿನ ಉಡುಪಿನೊಳಗೆ ನೀರು ಹೋಗುತ್ತದೆ, ಹೋಗಲೆಂದೇ ಬಿಡುತ್ತಾರೆ. ಇಷ್ಟನ್ನು ಒಪ್ಪಿಕೊಳ್ಳಲು ಮುಳುಗುವ ವಿದ್ಯೆಗೆ ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಅಗಸ್ಟಸ್ ಸೀಬೆ ಎಂಬ ಜರ್ಮನ್ ಮೂಲದ ಕುಶಲಕರ್ಮಿ ಲಂಡನ್ನಿನಲ್ಲಿ 1837ರ ಸುಮಾರಿಗೆ ಒಂದು ಉಡುಪನ್ನು ಸಿದ್ಧಪಡಿಸಿದನು. ತಾಮ್ರದ ಶಿರಸ್ತ್ರಾಣ, ಅದಕ್ಕೆ ಬಿಗಿದ ರಬ್ಬರು ಬಳಿದ ಕ್ಯಾನ್ವಾಸಿನ ಅಂಗಿ, ಮೇಲಿನಿಂದ ಗಾಳಿ ಒತ್ತುವ ಕೊಳವೆ. ಒಳಗಿರುವವನಿಗೆ ಒಂದು ಹನಿಯೂ ಸೋಕಬಾರದೆಂಬುದೇ ಅದರ ತತ್ತ್ವ. ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ಹಡಗಿನಡಿ ಈಜಿಹೋಗಿ ಸ್ಫೋಟಕಗಳನ್ನಿಟ್ಟು ಬರುತ್ತಿದ್ದ ‘ಕಪ್ಪೆ ಮನುಷ್ಯ’ರೂ ಉಣ್ಣೆಯ ಒಳಉಡುಪಿನ ಮೇಲೆ ನೀರು ಹೊಗದ ರಬ್ಬರಿನ ಅಂಗಿಯನ್ನೇ ತೊಟ್ಟರು. ಬಂಡೆಯ ಚೂಪು ತಾಗಿ ಅದು ಎಲ್ಲಿಯಾದರೂ ಹರಿಯಿತೆಂದರೆ ಒಳಗೆಲ್ಲ ತಣ್ಣೀರು, ಉಡುಪಿದ್ದೂ ಇಲ್ಲದಂತೆ. ನಮ್ಮ ಮಲೆನಾಡಿನ ಗದ್ದೆಗಳಲ್ಲಿ ಸಸಿ ನೆಡುವ ಹೆಂಗಸರು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬಿನ ಹಾಗೆ ಇದು. ಮಳೆಯನ್ನು ಹೊರಗಿಟ್ಟಷ್ಟು ಹೊತ್ತು ಸರಿ, ಅಷ್ಟೇ.

1943ರಲ್ಲಿ ಫ್ರಾನ್ಸಿನ ಕೂಸ್ತೋ ಮತ್ತು ಗಾನ್ಯಾ ಎಂಬವರು ಬೆನ್ನಿಗೆ ಕಟ್ಟುವ ಗಾಳಿಯ ಉಪಕರಣವನ್ನು ರೂಪಿಸಿದ ಮೇಲೆ ಮುಳುಗುವವನಿಗೆ ಕೊಳವೆಯ ಹಂಗು ತಪ್ಪಿತು. ಉಸಿರಿನ ಪ್ರಶ್ನೆ ಬಗೆಹರಿಯಿತು, ಚಳಿಯ ಪ್ರಶ್ನೆ ಉಳಿಯಿತು. ನೀರು ಗಾಳಿಗಿಂತ ಸುಮಾರು 25 ಪಾಲು ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಅಂಗಳದಲ್ಲಿ ಹಿತವಾಗಿರುವ ಉಷ್ಣತೆಯೇ ನೀರಿನಲ್ಲಿ ಒಂದು ಗಂಟೆ ಕಳೆಯುವಷ್ಟರಲ್ಲಿ ಹಲ್ಲು ಕಟಕಟಿಸುವಂತೆ ಮಾಡುತ್ತದೆ.

ಇಲ್ಲಿ ಕಥೆಯೊಳಕ್ಕೆ ಬರುವವರು ಹ್ಯೂ ಬ್ರಾಡ್ನರ್. ಯುದ್ಧಕಾಲದಲ್ಲಿ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿನ ಯೋಜನೆಯಲ್ಲಿದ್ದ ಈ ಭೌತವಿಜ್ಞಾನಿ ಆಮೇಲೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್‌ಲಿಗೆ ಬಂದು, ಅಮೆರಿಕದ ನೌಕಾಪಡೆಯ ಈಜುಗಾರರ ಚಳಿಯ ಬಗ್ಗೆ ತಲೆ ಕೆಡಿಸಿಕೊಂಡರು. 1951ರ ಜೂನ್ ತಿಂಗಳ ಒಂದು ಪತ್ರದಲ್ಲಿ ಅವರ ವಿಚಾರವು ದಾಖಲಾಗಿದೆ. ಉಡುಪಿನ ಬಟ್ಟೆಯೊಳಗೇ ಗಾಳಿ ಸೆರೆಯಾಗಿದ್ದರೆ ಚಳಿಯನ್ನು ತಡೆಯಲು ಅದೇ ಸಾಕು. ಮೈ ಒಣಗಿರಬೇಕಾದ ಅಗತ್ಯವೇ ಇಲ್ಲ ಎಂಬುದು ಅದರ ಸಾರಾಂಶ. ಕೇಳಿದ ಮೇಲೆ ಇದರಲ್ಲೇನಿದೆ ಎನ್ನಿಸುವಂಥ ಮಾತು. ಮಳೆಯಲ್ಲಿ ನೆನೆದ ಕಂಬಳಿಕೊಪ್ಪೆಯನ್ನು ಹೊದ್ದು ದಿನವಿಡೀ ಉಳುತ್ತಿದ್ದ ನಮ್ಮ ರೈತನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಕಂಬಳಿಯ ಕೆಲಸವನ್ನು ನೀರಿನಡಿಯಲ್ಲಿ ಮಾಡಬಲ್ಲ ವಸ್ತುವೂ ಆಗಲೇ ಇತ್ತು. ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ 1930ರಲ್ಲಿ ಹುಟ್ಟಿದ ಕೃತಕ ರಬ್ಬರು ನಿಯೋಪ್ರೀನ್. ಅದನ್ನು ಹಿಟ್ಟು ಹುದುಗೆಬ್ಬಿಸಿದಂತೆ ಉಬ್ಬಿಸಿದರೆ ಒಂದಕ್ಕೊಂದು ಸೇರದ ಸಾವಿರಾರು ಗುಳ್ಳೆಗಳು ಅದರೊಳಗೆ ನಿಲ್ಲುತ್ತವೆ. ಇದನ್ನು ಬಳಸಿ ನೋಡೆಂದು ಬ್ರಾಡ್ನರ್‌ಗೆ ಸೂಚಿಸಿದವರು ವಿಲ್ಲರ್ಡ್ ಬ್ಯಾಸ್ಕಮ್ ಎಂಬ ಸಾಗರತಜ್ಞ. ಉಡುಪಿಗೂ ಚರ್ಮಕ್ಕೂ ನಡುವೆ ನುಸುಳುವ ತೆಳು ನೀರಿನ ಪದರವನ್ನು ಮೈಯ ಶಾಖವೇ ಬೆಚ್ಚಗೆ ಮಾಡುತ್ತದೆ. ಆ ನೀರು ಅಲ್ಲೇ ನಿಂತರೆ ಸರಿ. ಹರಿದಾಡಿದರೆ ಮೈಯ ಶಾಖವನ್ನೂ ಹೊತ್ತುಕೊಂಡೇ ಹೋಗುತ್ತದೆ.

ಇಂಥ ಉಪಕಾರಕ್ಕೆ ನೌಕಾಪಡೆಯಿಂದ ಬಂದ ಉತ್ತರವು ಸ್ವಾರಸ್ಯವಾಗಿದೆ. ಗುಳ್ಳೆಗಳಲ್ಲಿರುವ ಗಾಳಿಯಿಂದಾಗಿ ಮುಳುಗುವವನು ಶತ್ರುವಿನ ಸೋನಾರ್ ಯಂತ್ರಕ್ಕೆ ಸುಲಭವಾಗಿ ಸಿಕ್ಕಿಬೀಳಬಹುದೆಂದು ಅಧಿಕಾರಿಗಳು ಅನುಮಾನಿಸಿದರು. ಬ್ರಾಡ್ನರ್‌ಗೆ ಪೇಟೆಂಟೂ ದಕ್ಕಲಿಲ್ಲ, ಹಣವೂ ಬರಲಿಲ್ಲ. 1952ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ತೆರೆದ ಜ್ಯಾಕ್ ಓನೀಲ್ ಮತ್ತು ರೆಡೊಂಡೋ ಬೀಚಿನ ಮೀಸ್ಟ್ರೆಲ್ ಅವಳಿ ಸೋದರರು ಅದನ್ನು ಮಾರಾಟದ ಸರಕಾಗಿ ಮಾಡಿದರು. ಮೊದಲು ಮಾಡಿದವರು ತಾವೆಂದು ವರ್ಷಗಟ್ಟಲೆ ಹೇಳಿಕೊಂಡರು. ಜನಕ್ಕೆ ತಲುಪಿಸಿದ ಶ್ರೇಯಸ್ಸು ಅವರಿಗಿರಲಿ. ಆದರೆ ಆ ಪತ್ರವಿರುವಾಗ ಮೊದಲ ವಿಚಾರವು ಯಾರದೆಂಬ ಬಗ್ಗೆ ನನಗೆ ಸಂದೇಹವಿಲ್ಲ. ಬ್ರಾಡ್ನರ್ 2008ರಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು.

ನೀರು ನಿಲ್ಲಬೇಕು ಎಂಬ ಆ ಒಂದು ಮಾತನ್ನು ಹಿಡಿದರೆ, ಹೊಸಬನು ಉಡುಪನ್ನು ಆರಿಸಬೇಕಾದ ಕ್ರಮವೆಲ್ಲವೂ ತಾನಾಗಿ ಹೊಳೆಯುತ್ತದೆ. ಎರಡು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಒತ್ತಾಯಕ್ಕೆ ಮುರುಡೇಶ್ವರದಿಂದ ದೋಣಿಯೇರಿ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದೆ. ಹೊರಡುವ ಮುನ್ನ ನಾನು ಸ್ವಲ್ಪ ಸಡಿಲವಾದ ಉಡುಪನ್ನು ಎತ್ತಿಕೊಂಡಾಗ ಕಲಿಸುವ ಹುಡುಗನು ಅದನ್ನು ಮೆಲ್ಲಗೆ ಕೈಯಿಂದ ತೆಗೆದುಕೊಂಡು, “ಅದು ಬೇಡ ಸರ್, ಬೆನ್ನಿನಲ್ಲಿ ಕೆರೆ ಕಟ್ಟುತ್ತೆ” ಎಂದನು. ಸೊಂಟದ ಹಿಂದಿನ ತಗ್ಗು, ಕಂಕುಳು, ತೊಡೆಸಂದಿ, ಈ ಮೂರು ಕಡೆ ಉಡುಪು ಮೈಬಿಟ್ಟು ನಿಂತಿದ್ದರೆ ಪ್ರತಿ ಕಾಲ್ಬಡಿತಕ್ಕೂ ಬೆಚ್ಚನೆಯ ನೀರು ಹೊರಗೆ, ತಣ್ಣೀರು ಒಳಗೆ. ಹಾಗೆಂದು ಕೊರಳು ಬಿಗಿದು ಉಸಿರು ಕಟ್ಟಬಾರದು. ಕೈಗಳನ್ನು ಮೇಲಕ್ಕೆತ್ತಿ ಕುಳಿತೆದ್ದು ನೋಡಬೇಕು. ನಮ್ಮ ಬೆಚ್ಚನೆಯ ಕಡಲಿಗೆ 3 ಮಿಲಿಮೀಟರ್ ದಪ್ಪ ಸಾಕು. ತಣ್ಣನೆಯ ಕಡಲುಗಳಿಗೆ 5, 7 ಮಿಲಿಮೀಟರಿನವೂ ಇವೆ.

ತೊಡುವುದು ಬೇರೆಯೇ ಪ್ರಕರಣ. ಮೊದಮೊದಲ ನಿಯೋಪ್ರೀನ್‌ಗೆ ಒಳಗೆ ಅಸ್ತರಿಯಿರಲಿಲ್ಲ. ಬೆತ್ತಲೆ ರಬ್ಬರು ಚರ್ಮಕ್ಕೆ ಕಚ್ಚಿಕೊಳ್ಳುತ್ತಿತ್ತು. ಟಾಲ್ಕಂ ಪೌಡರನ್ನು ಕೊಡವಿಕೊಂಡು ಎಳೆಯುತ್ತಿದ್ದರು, ಜೋರಾಗಿ ಎಳೆದರೆ ಹರಿಯುತ್ತಿತ್ತು. ನೈಲಾನ್ ಅಸ್ತರಿ ಬಂದ ಮೇಲೆ ಆ ಕಷ್ಟ ತಗ್ಗಿತು, ತಪ್ಪಲಿಲ್ಲ. ಪಾದಕ್ಕೆ ಪ್ಲಾಸ್ಟಿಕ್ ಚೀಲ ಸುತ್ತಿ ಕಾಲನ್ನು ತೂರಿಸುವುದು ಈಗಿನ ಉಪಾಯ. ಜಿಪ್ಪು ಬೆನ್ನಿಗೆ ಬರುವಂತೆ ಹಿಡಿದು, ಹಿಮ್ಮಡಿಯಿಂದ ಮೊಣಕಾಲಿಗೆ, ಅಲ್ಲಿಂದ ತೊಡೆಗೆ, ಸೊಂಟಕ್ಕೆ, ಉಗುರು ತಾಗಿಸದೆ ಬೆರಳ ತುದಿಯಿಂದ ಚಿಟಿಕೆ ಚಿಟಿಕೆಯಾಗಿ ಮೇಲೇರಿಸಬೇಕು. ಕೆಳಗಿನ ಸುಕ್ಕು ತೆಗೆಯದೆ ಅವಸರದಿಂದ ತೋಳು ತೂರಿಸಿದವನಿಗೆ ಭುಜ ಎಟುಕುವುದಿಲ್ಲ. ಬೆನ್ನ ಜಿಪ್ಪಿಗೆ ಉದ್ದನೆಯ ಪಟ್ಟಿಯಿರುತ್ತದೆ. ಆದರೂ ಕೊನೆಗೆ ಇನ್ನೊಬ್ಬರಿಗೆ ಬೆನ್ನು ತೋರಿಸಿ ನಿಲ್ಲುವುದೇ ವಾಡಿಕೆ. ಅಷ್ಟರಲ್ಲಿ ಬಿಸಿಲಿಗೆ ಬೆವರಿಳಿದು, ನೀರಿಗೆ ಬೀಳುವ ಮೊದಲೇ ಉಡುಪು ತನ್ನ ಹೆಸರನ್ನು ಸಾರ್ಥಕಪಡಿಸಿಕೊಂಡಿರುತ್ತದೆ.

ಆಳದಲ್ಲಿ ಇದರ ಬಲವು ಕುಂದುವುದೆಂಬುದನ್ನೂ ಹೇಳಬೇಕು. 10 ಮೀಟರ್ ಇಳಿದರೆ ಒತ್ತಡವು ಇಮ್ಮಡಿಯಾಗಿ, ಗುಳ್ಳೆಗಳು ಅರ್ಧಕ್ಕೆ ಕುಗ್ಗುತ್ತವೆ. ಉಡುಪು ತೆಳುವಾಗುತ್ತದೆ, ತೇಲಿಸುವ ಗುಣವೂ ಇಳಿಯುತ್ತದೆ. ಮೇಲೆ ಮುಳುಗಗೊಡದ ಉಡುಪಿಗಾಗಿ ಸೊಂಟಕ್ಕೆ ಕಟ್ಟಿಕೊಂಡ ಸೀಸದ ತೂಕವೇ ಕೆಳಗೆ ಹೊರೆಯಾಗುವುದು ಹೀಗೆ.

ಈ ಉಡುಪು ಬರುವ ಮುನ್ನ ಕಡಲಿನ ಚಳಿಯನ್ನು ಬರಿಮೈಯಲ್ಲೇ ಎದುರಿಸುತ್ತಿದ್ದವರೂ ಉಂಟು. ಕೊರಿಯಾದ ಜೇಜು ದ್ವೀಪದ ಹೇನ್ಯೋ ಎಂಬ ಮುಳುಗುಗಾತಿಯರು ತೆಳುವಾದ ಹತ್ತಿಯ ಉಡುಪಿನಲ್ಲಿ, ಗಾಳಿಯ ಸಿಲಿಂಡರಿಲ್ಲದೆ, ಚಳಿಗಾಲದಲ್ಲಿಯೂ ಚಿಪ್ಪುಮೀನು ಮತ್ತು ಕಡಲಸೊಪ್ಪಿಗಾಗಿ ಇಳಿಯುತ್ತಿದ್ದರು. ಆಗಿನ ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್. ಸ್ವಲ್ಪ ಹೊತ್ತಿಗೇ ಮೇಲೆ ಬಂದು, ಬುಲ್ತೋಕ್ ಎಂಬ ಕಲ್ಲಿನ ಆವರಣದಲ್ಲಿ ಬೆಂಕಿಯ ಸುತ್ತ ಕುಳಿತು ಮೈ ಕಾಯಿಸಿಕೊಳ್ಳುತ್ತಿದ್ದರು. ಊರಿನ ಮಾತು, ಮೀನಿನ ಲೆಕ್ಕ, ಕಿರಿಯರಿಗೆ ಪಾಠ ಎಲ್ಲವೂ ಅಲ್ಲಿಯೇ. 1960ರ ದಶಕದಲ್ಲಿ ಹೋಂಗ್ ಸುಕ್ ಕಿ ಮತ್ತು ಸಂಗಡಿಗ ವಿಜ್ಞಾನಿಗಳು ಪರೀಕ್ಷಿಸಿದಾಗ, ಚಳಿಗಾಲದಲ್ಲಿ ಇವರ ದೇಹವು ವಿಶ್ರಾಂತಿಯಲ್ಲಿದ್ದಾಗಲೂ ಉರಿಸುವ ಶಾಖವು ಸುಮಾರು ನೂರಕ್ಕೆ 30ರಷ್ಟು ಏರುತ್ತಿದ್ದುದು ಕಂಡುಬಂತು. ಚಳಿಯೊಡನೆ ಬಾಳಿ ಮೈಯೇ ಕಲಿತ ವಿದ್ಯೆ ಅದು.

1970ರ ದಶಕದಲ್ಲಿ ಅವರಿಗೂ ರಬ್ಬರಿನ ಉಡುಪು ಬಂತು. ಅರ್ಧ ಗಂಟೆಯೂ ತಾಳಲಾಗದ ನೀರಿನಲ್ಲಿ ಗಂಟೆಗಟ್ಟಲೆ ಇರುವುದು ಸಾಧ್ಯವಾಯಿತು. ಸಂಪಾದನೆ ಹೆಚ್ಚಿತು, ದುಡಿಮೆಯೂ ಹೆಚ್ಚಿತು. ಅದೇ ವಿಜ್ಞಾನಿಗಳ ಬಳಗವು ಮತ್ತೆ ಪರೀಕ್ಷಿಸಿದಾಗ, 1980ರ ದಶಕದ ಆರಂಭಕ್ಕೆ ಚಳಿಗಾಲದ ಆ ಹೆಚ್ಚುವರಿ ಶಾಖವು ಮಾಯವಾಗಿತ್ತು. ಚಳಿಯಿಲ್ಲದ ಮೈಗೆ ಅದರ ಅಗತ್ಯ ಬೀಳಲಿಲ್ಲ. ಹಳೆಯದೇ ಚೆನ್ನಾಗಿತ್ತೆಂದು ಬೆಚ್ಚನೆಯ ಕೋಣೆಯಲ್ಲಿ ಕುಳಿತು ಬರೆಯುವುದು ಸುಲಭ. ಜನವರಿಯ ಕಡಲಿಗೆ ಹತ್ತಿಬಟ್ಟೆಯಲ್ಲಿ ಇಳಿದ ಹೆಂಗಸು ಹಾಗೆ ಹೇಳಲಾರಳು. ಬಿಸಿನೀರಿನ ಸ್ನಾನಗೃಹಗಳು ಬಂದ ಮೇಲೆ ಬುಲ್ತೋಕ್‌ಗಳಲ್ಲಿ ಬೆಂಕಿ ಕಡಿಮೆಯಾಯಿತು.

ಉಡುಪನ್ನು ಒಪ್ಪಿಕೊಂಡ ಆ ಹೆಂಗಸರು ಗಾಳಿಯ ಸಿಲಿಂಡರನ್ನು ಮಾತ್ರ ಒಪ್ಪಿಕೊಳ್ಳಲಿಲ್ಲ. ಯುನೆಸ್ಕೋ 2016ರಲ್ಲಿ ಅವರ ಸಂಸ್ಕೃತಿಯನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಾಗಲೂ ಅವರು ಕಟ್ಟಿದ ಉಸಿರಿನಲ್ಲಿಯೇ ಮುಳುಗುತ್ತಿದ್ದರು. ಮೇಲೆ ಬಂದೊಡನೆ ಆ ಉಸಿರನ್ನು ಸಿಳ್ಳೆಯಂಥ ಒಂದು ಸದ್ದಿನಿಂದ ಹೊರಬಿಡುತ್ತಾರೆ. ಅದಕ್ಕೆ ಅವರ ಭಾಷೆಯಲ್ಲಿ ಸುಂಬಿಸೋರಿ ಎಂದು ಹೆಸರು.