ಪದವಿಯನ್ನು ನ್ಯಾಸವೆಂದು ಬಗೆದ ಎಸ್. ಆರ್. ಕಂಠಿಯವರು



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳೂ ಕೃಷ್ಣೆಯಾಚೆಯ ಹುನಗುಂದ, ಬಾದಾಮಿ, ಜಮಖಂಡಿಗಳೂ 1997ರವರೆಗೆ ಬಿಜಾಪುರವೆಂಬ ಒಂದೇ ಜಿಲ್ಲೆಯಲ್ಲಿದ್ದವು. ಈ ಜಿಲ್ಲೆಯಿಂದ ನಾಡಿನ ಮುಖ್ಯಮಂತ್ರಿ ಪೀಠವೇರಿದವರೆಂದರೆ ಜಮಖಂಡಿಯ ಬಿ. ಡಿ. ಜತ್ತಿಯವರ ಹೆಸರು ಮೊದಲು ನೆನಪಾಗುವುದು ಸಹಜ. ಅವರ ಬೆನ್ನಲ್ಲೇ ಅದೇ ಪೀಠವನ್ನೇರಿ, ನೂರು ದಿನ ತುಂಬುವ ಮೊದಲೇ ತಾವಾಗಿ ಇಳಿದುಬಂದ ಮತ್ತೊಬ್ಬ ವಕೀಲರೂ ಈ ಮಣ್ಣಿನವರೇ. ಅವರೇ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು.

ಕಂಠಿಯವರು 1908ರಲ್ಲಿ ಬಾದಾಮಿ ತಾಲೂಕಿನ ಕೆರೂರಿನಲ್ಲಿ ಜನಿಸಿದರು. ಆ ಕಾಲದಲ್ಲಿ ನಮ್ಮ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕಾನೂನು ಕಲಿಯಬೇಕೆಂದರೆ ತರುಣರು ದೂರದ ಊರುಗಳಿಗೆ ಹೋಗಬೇಕು. ಹೈಕೋರ್ಟಿನ ಮೆಟ್ಟಿಲು ಹತ್ತಬೇಕೆಂದರೆ ಕಕ್ಷಿದಾರರು ಮುಂಬಯಿಗೇ ಹೋಗಬೇಕು. ಹೀಗಾಗಿ ಕಾಯಿದೆ ಬಲ್ಲ ಊರಿನ ವಕೀಲನು ರೈತನಿಗೆ ನ್ಯಾಯವಾದಿಯಷ್ಟೇ ಅಲ್ಲ, ಸರಕಾರದ ಮುಂದೆ ಅವನ ನಾಲಗೆಯೂ ಆಗಿದ್ದನು. ವಕೀಲರು ರಾಜಕಾರಣಕ್ಕೆ ಬಂದುದು ಈ ದಾರಿಯಿಂದಲೇ.

ಕಂಠಿಯವರು ಹುನಗುಂದದ ಪ್ರತಿನಿಧಿಯಾಗಿ ಮುಂಬಯಿ ವಿಧಾನಸಭೆಯನ್ನು ಸೇರಿ ಅಲ್ಲಿ ಉಪಸಭಾಪತಿಗಳಾದರು. 1956ರಲ್ಲಿ ಕನ್ನಡ ಸೀಮೆಗಳು ಒಂದುಗೂಡಿದ ಬಳಿಕ ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾಗಿ 1962ರವರೆಗೆ ಸದನವನ್ನು ನಡೆಸಿದರು.

ಅವರ ಸತ್ತ್ವಪರೀಕ್ಷೆ ನಡೆದುದು 1962ರಲ್ಲಿ. ಆ ವರ್ಷದ ಚುನಾವಣೆಯಲ್ಲಿ 208 ಸ್ಥಾನಗಳ ಪೈಕಿ 138ನ್ನು ಕಾಂಗ್ರೆಸ್ಸು ಗೆದ್ದಿತು. ಆದರೆ ನಾಯಕರಾಗಬೇಕಿದ್ದ ಎಸ್. ನಿಜಲಿಂಗಪ್ಪನವರು ಹೊಸದುರ್ಗದಲ್ಲಿ ಸೋತರು. ಆಗ ಮಾರ್ಚ್ 14ರಂದು ಕಂಠಿಯವರು ಮುಖ್ಯಮಂತ್ರಿಗಳಾದರು. ಬಾಗಲಕೋಟೆಯಿಂದ ಗೆದ್ದಿದ್ದ ಬಿ. ಟಿ. ಮುರನಾಳರು ತಮ್ಮ ಸ್ಥಾನವನ್ನು ತೆರವು ಮಾಡಿಕೊಟ್ಟರು. ನಿಜಲಿಂಗಪ್ಪನವರು ಅಲ್ಲಿಂದ ಆಯ್ಕೆಯಾಗಿ ಬಂದರು. ಜೂನ್ ತಿಂಗಳಲ್ಲಿ ಕಂಠಿಯವರು ಪೀಠವನ್ನು ಅವರಿಗೊಪ್ಪಿಸಿ, ಅವರದೇ ಮಂತ್ರಿಮಂಡಲದಲ್ಲಿ ಶಿಕ್ಷಣ ಸಚಿವರಾಗಿ ಕುಳಿತರು.

‘ಅದು ಪಕ್ಷದ ಒಪ್ಪಂದ, ಅದರಲ್ಲಿ ತ್ಯಾಗವೆಲ್ಲಿಯದು?’ ಎಂದು ವಾಚಕರು ಕೇಳಬಹುದು. ಒಪ್ಪಂದವೇ ಇರಲಿ. ಕೈಗೆ ಬಂದ ಅಧಿಕಾರದ ಮುಂದೆ ಎಷ್ಟು ಒಪ್ಪಂದಗಳು ಉಳಿದಿವೆ? ನಿನ್ನೆ ತಾನು ಕುಳಿತ ಪೀಠದಲ್ಲಿ ಇಂದು ಮತ್ತೊಬ್ಬರನ್ನು ಕಂಡು, ಅವರ ಕೈಕೆಳಗೆ ದುಡಿಯುವುದಕ್ಕೆ ಎಂತಹ ಮನಸ್ಸು ಬೇಕು? ಒಳ್ಳೆಯ ವಕೀಲನು ಕಕ್ಷಿದಾರನ ಹಕ್ಕನ್ನು ಕಾಯುತ್ತಾನೆಯೇ ಹೊರತು ಅದು ತನ್ನದೆಂದು ತಿಳಿಯುವುದಿಲ್ಲ. ಪದವಿಯನ್ನು ಕಂಠಿಯವರು ಹೀಗೆಯೇ, ನಂಬಿ ಒಪ್ಪಿಸಿದ ನ್ಯಾಸವೆಂದು ಬಗೆದರು.

ಪೀಠ ಬಿಟ್ಟವರು ಕಾರ್ಯವನ್ನು ಬಿಡಲಿಲ್ಲ. ಅವರು ಶಿಕ್ಷಣ ಸಚಿವರಾಗಿದ್ದಾಗಲೇ, 1963ರ ಸೆಪ್ಟೆಂಬರ್ 16ರಂದು, ಬಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. ಬರಗಾಲದ ನಾಡೆಂದು ಹೆಸರಾದ ಜಿಲ್ಲೆಗೆ ಇಂತಹ ವಿದ್ಯಾಸಂಸ್ಥೆ ಬಂದುದು ಅಲ್ಪವಾದ ಲಾಭವಲ್ಲ. ಕಂಠಿಯವರು 1969ರಲ್ಲಿ ಲಿಂಗೈಕ್ಯರಾದರು. ಮುಧೋಳದ ಕಾಲೇಜೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದ ಮಂತ್ರಿಪದವಿಯನ್ನು ತೊರೆದು ಬಂದುದು ಇದೇ ಹುನಗುಂದ ಸೀಮೆಯ ಕೂಡಲಸಂಗಮಕ್ಕೆ. ಆ ಮಹಾತ್ಯಾಗಕ್ಕೆ ಯಾವುದನ್ನೂ ಹೋಲಿಸಲಾಗದು. ಆದರೂ ಪದವಿ ಬಂದಾಗ ಹಿಗ್ಗದೆ, ಹೋದಾಗ ಕುಗ್ಗದೆ ಕಾಯಕದಲ್ಲಿ ನಿಂತವರು ಆ ಮಣ್ಣಿನಲ್ಲಿ ನಮ್ಮ ಕಾಲಕ್ಕೆ ಸಮೀಪದಲ್ಲೂ ಇದ್ದರೆಂಬುದನ್ನು ಮಕ್ಕಳಿಗೆ ಹೇಳಿರಿ. ಸಂಘದ ಅಧ್ಯಕ್ಷತೆಯಾಗಲಿ, ಊರಿನ ಪಂಚಾಯಿತಿಯಾಗಲಿ, ಬಿಟ್ಟುಕೊಡುವ ದಿನ ಬಂದಾಗ ಕಂಠಿಯವರನ್ನು ನೀವೂ ಒಮ್ಮೆ ನೆನೆಯಿರಿ.